ಕರುಣೆಯ ದ್ವಾರ: ಮುಂಬಯಿಯ ಬೆನೆ ಇಸ್ರೇಲ್ ಸಭಾಮಂದಿರದ ಇತಿವೃತ್ತ

ಮುಂಬಯಿಯ ಮಾಂಡವಿ ಪೇಟೆಯಲ್ಲಿ, ಮಸ್ಜಿದ್ ಬಂದರವೆಂದು ಹೆಸರಾದ ರೈಲು ನಿಲ್ದಾಣಕ್ಕೆ ಅನತಿದೂರದಲ್ಲಿ, ಒಣಹಣ್ಣುಗಳ ಮಳಿಗೆಗಳೂ ಕೈಗಾಡಿಗಳೂ ಹೊರೆಯಾಳುಗಳೂ ಹಗಲಿಡೀ ಕಿಕ್ಕಿರಿದಿರುವ ಸಾಮ್ಯುಯೆಲ್ ಬೀದಿಯೆಂಬ ಇಕ್ಕಟ್ಟಾದ ರಸ್ತೆಯಲ್ಲಿ, ‘ಶಾರ್ ಹಾರಹಮೀಮ್’, ಅಂದರೆ ಕರುಣೆಯ ದ್ವಾರ, ಎಂಬ ಯೆಹೂದ್ಯ ಸಭಾಮಂದಿರವೊಂದಿದೆ. 1796ನೆಯ ಇಸವಿಯಲ್ಲಿ ಸ್ಥಾಪಿತವಾದ ಈ ಮಂದಿರವು ಆ ಮಹಾನಗರದ ಯೆಹೂದ್ಯ ಪ್ರಾರ್ಥನಾಲಯಗಳಲ್ಲೆಲ್ಲ ಮೊದಲನೆಯದು. ಇದನ್ನು ಕಟ್ಟಿಸಿದವನು ಕುಬೇರನಾದ ವರ್ತಕನಲ್ಲ, ಶಾಸ್ತ್ರಜ್ಞನಾದ ಧರ್ಮಗುರುವಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಒಬ್ಬ ಕೊಂಕಣಸ್ಥ ಸೈನಿಕಾಧಿಕಾರಿ. ಅವನ ಹೆಸರು ಸಾಮ್ಯುಯೆಲ್ ಎಝೆಕಿಯೆಲ್ ದಿವೇಕರ್. ಊರವರ ಬಾಯಲ್ಲಿ ಸಾಮಾಜಿ ಹಸಾಜಿ ದಿವೇಕರ್. ಈ ಮಂದಿರವನ್ನು ಕಟ್ಟಿಸಬೇಕೆಂಬ ಸಂಕಲ್ಪವು ಅವನ ಮನಸ್ಸಿನಲ್ಲಿ ಮೊಳೆತದ್ದು ಮುಂಬಯಿಯಲ್ಲಿ ಅಲ್ಲ, ಕನ್ನಡನಾಡಿನ ಸೆರೆಮನೆಯಲ್ಲಿ ಎಂದು ಅವನ ಜನ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಶತಮಾನಗಳ ಕಾಲ ಮನೆಯ ಹೊಸ್ತಿಲೊಳಗೆ ಮಾತ್ರ ಉಳಿದಿದ್ದ ಒಂದು ಧರ್ಮವು ಹೇಗೆ ಬೀದಿಯ ಮೇಲೆ ತನ್ನದೊಂದು ಬಾಗಿಲನ್ನು ತೆರೆಯಿತು, ಆ ಬಾಗಿಲಿನಿಂದ ಹೊರಟ ಜನ ನಗರದ ಸಾರ್ವಜನಿಕ ಜೀವನಕ್ಕೆ ಏನನ್ನು ಕೊಟ್ಟರು ಎಂಬುದೇ ಈ ಇತಿವೃತ್ತದ ತಿರುಳು.

ಬೆನೆ ಇಸ್ರೇಲರ ಪೂರ್ವಕಥೆ ಕೊಂಕಣದ ಕಡಲತಡಿಯದು. ಅಲಿಬಾಗಿನ ಉತ್ತರಕ್ಕಿರುವ ನವಗಾಂವ್ ಎಂಬ ಹಳ್ಳಿಯ ಬಳಿ ಪ್ರಾಚೀನಕಾಲದಲ್ಲಿ ಹಡಗೊಂದು ಒಡೆದು, ಅದರಲ್ಲಿದ್ದವರ ಪೈಕಿ ಏಳು ಮಂದಿ ಪುರುಷರೂ ಏಳು ಮಂದಿ ಸ್ತ್ರೀಯರೂ ಮಾತ್ರ ದಡ ಸೇರಿದರೆಂದೂ, ಉಳಿದವರ ಶವಗಳನ್ನು ಅಲ್ಲಿಯೇ ಮಣ್ಣುಮಾಡಿ ಬದುಕಿದವರು ಆ ಹಳ್ಳಿಗಳಲ್ಲಿ ನೆಲೆಸಿದರೆಂದೂ ಅವರ ಪರಂಪರೆ ಹೇಳುತ್ತದೆ. ಇದು ನಡೆದ ಕಾಲವನ್ನು ಕುರಿತು ವಿದ್ವಾಂಸರು ಬಗೆಬಗೆಯ ಊಹೆಗಳನ್ನು ಮಾಡಿದ್ದಾರೆ. ಯಾವ ಊಹೆಗೂ ಶಾಸನದ ಬೆಂಬಲವಿಲ್ಲ. ನಿಶ್ಚಯವಾಗಿ ತಿಳಿದಿರುವುದು ಇಷ್ಟು: ಕೊಲಾಬಾ ಸೀಮೆಯ ಹಳ್ಳಿಗಳಲ್ಲಿ ಎಣ್ಣೆ ತೆಗೆಯುವ ಕಸುಬನ್ನು ಹಿಡಿದು, ಮರಾಠಿಯನ್ನು ಮನೆಮಾತಾಗಿ ಮಾಡಿಕೊಂಡು, ದಿವೆಯಿಂದ ದಿವೇಕರ್, ಕಿಹೀಮಿನಿಂದ ಕೇಹೀಮ್‌ಕರ್, ಪೇಣಿನಿಂದ ಪೇಣಕರ್ ಎಂದು ಊರಹೆಸರುಗಳನ್ನೇ ಮನೆತನದ ಹೆಸರುಗಳನ್ನಾಗಿ ತಾಳಿ, ನೆರೆಯವರ ಉಡುಗೆತೊಡುಗೆಗಳನ್ನೂ ಮದುವೆಮುಂಜಿಗಳ ಸಡಗರಗಳನ್ನೂ ಬಹುಮಟ್ಟಿಗೆ ತಮ್ಮದನ್ನಾಗಿಸಿಕೊಂಡಿದ್ದ ಈ ಜನ, ಶನಿವಾರ ಮಾತ್ರ ಗಾಣವನ್ನು ಕಟ್ಟುತ್ತಿರಲಿಲ್ಲ. ಆದುದರಿಂದ ಊರವರು ಅವರನ್ನು ‘ಶನಿವಾರ ತೇಲಿ’ಗಳೆಂದು ಕರೆದರು.

ಅವರಲ್ಲಿ ಹೀಬ್ರೂ ಗ್ರಂಥವೊಂದೂ ಉಳಿದಿರಲಿಲ್ಲ. ಆ ಭಾಷೆಯನ್ನು ಓದಬಲ್ಲವರೂ ಇರಲಿಲ್ಲ. ‘ಶೆಮಾ ಇಸ್ರಾಯೇಲ್’ ಎಂದು ಮೊದಲಾಗುವ ಏಕದೇವ ಘೋಷಣೆಯೊಂದು ನಾಲಗೆಯ ಮೇಲೆ ಉಳಿದಿತ್ತು. ಹುಟ್ಟಿದ ಎಂಟನೆಯ ದಿನಕ್ಕೆ ಗಂಡುಮಗುವಿಗೆ ಸುನ್ನತಿಯಾಗುತ್ತಿತ್ತು. ಈಜುರೆಕ್ಕೆಯೂ ಪೊರೆಯೂ ಇಲ್ಲದ ಮೀನು ಅವರ ಅಡಿಗೆಮನೆಯನ್ನು ಸೇರುತ್ತಿರಲಿಲ್ಲ. ಹಬ್ಬಗಳು ಬಂದು ಹೋಗುತ್ತಿದ್ದವು, ಆದರೆ ಮರಾಠಿಯ ಹೆಸರುಗಳನ್ನು ಹೊತ್ತುಕೊಂಡು. ಮಹಾಪ್ರಾಯಶ್ಚಿತ್ತದ ಉಪವಾಸದ ದಿನ ಅವರಿಗೆ ಬಾಗಿಲಿಕ್ಕುವ ಹಬ್ಬವಾಗಿತ್ತು: ಅಂದು ಕದವಿಕ್ಕಿ, ಬಿಳಿಯ ಬಟ್ಟೆಯುಟ್ಟು, ಅನ್ಯರ ಸೋಂಕಿಲ್ಲದೆ ಮನೆಯೊಳಗೆ ಕುಳಿತಿರುವುದು ಪದ್ಧತಿ. ಪ್ರವಾದಿ ಎಲೀಯನ ಹೆಸರಿನಲ್ಲಿ ಅವಲಕ್ಕಿ, ಬೆಲ್ಲ ಅಥವಾ ಸಕ್ಕರೆ, ತೆಂಗಿನತುರಿ, ಹಣ್ಣುಗಳನ್ನು ತಟ್ಟೆಯಲ್ಲಿಟ್ಟು ಹರಸುವ ‘ಮಲೀದಾ’ ಎಂಬ ಕರ್ಮವು ಇಂದಿಗೂ ಅವರಲ್ಲಿ ಮದುವೆಗೆ ಮುನ್ನ, ಹೊಸಮನೆಯ ಪ್ರವೇಶಕ್ಕೆ, ಹರಕೆ ತೀರಿದಾಗ ತಪ್ಪದೆ ನಡೆಯುತ್ತದೆ. ಗುರುವಿಲ್ಲದೆ, ಗ್ರಂಥವಿಲ್ಲದೆ, ಮಂದಿರವಿಲ್ಲದೆ, ಬರಿಯ ಅಡಿಗೆಮನೆ ತೊಟ್ಟಿಲುಗಳ ಆಸರೆಯಿಂದ ಒಂದು ಧರ್ಮ ಇಷ್ಟು ಕಾಲ ಬದುಕಿತೆಂಬುದನ್ನು ನೆನೆದಾಗ, ಅದನ್ನು ಕಾಪಾಡಿದ ಹೆಸರಿಲ್ಲದ ಹೆಂಗಸರಿಗೆ ಕೈಮುಗಿಯಬೇಕೆನಿಸುತ್ತದೆ.

ಈ ಅಜ್ಞಾತವಾಸವನ್ನು ಮೊದಲು ಕಂಡುಹಿಡಿದವನು ದಾವಿದ್ ರಹಾಬಿ ಎಂಬ ಯೆಹೂದ್ಯನೆಂದು ಪ್ರತೀತಿ. ಅವನು ಹಳ್ಳಿಯ ಹೆಂಗಸರ ಕೈಗೆ ನಾನಾಬಗೆಯ ಮೀನುಗಳನ್ನು ಕೊಟ್ಟು ಅಡಿಗೆ ಮಾಡಹೇಳಿದಾಗ, ಧರ್ಮನಿಷಿದ್ಧವಾದವುಗಳನ್ನು ಅವರೇ ಬೇರ್ಪಡಿಸಿ ಬದಿಗಿರಿಸಿದುದನ್ನು ಕಂಡು, ಇವರು ತನ್ನ ರಕ್ತಸಂಬಂಧಿಗಳೆಂಬುದನ್ನು ನಿಶ್ಚಯಿಸಿದನಂತೆ. ಈತ ಪುರಾತನ ಕಾಲದವನೋ, ಹದಿನೆಂಟನೆಯ ಶತಮಾನದ ಕೊಚ್ಚಿಯ ಪ್ರಸಿದ್ಧ ರಹಾಬಿ ಮನೆತನದವನೋ ಎಂಬ ವಿಷಯದಲ್ಲಿ ಒಮ್ಮತವಿಲ್ಲ. ಯಾವನೇ ಆಗಿರಲಿ, ಆತ ಮೂರು ಮನೆತನಗಳ ಜನರನ್ನು ಆರಿಸಿ ಪ್ರಾರ್ಥನೆಯನ್ನು ಕಲಿಸಿದನು. ಅವರ ವಂಶಸ್ಥರು ‘ಕಾಜಿ’ಗಳೆಂಬ ಹೆಸರಿನಿಂದ ಊರೂರು ತಿರುಗಿ ಮದುವೆ, ಸುನ್ನತಿ, ವ್ಯಾಜ್ಯಗಳನ್ನು ನಡೆಸಿಕೊಟ್ಟರು.

ಹದಿನೆಂಟನೆಯ ಶತಮಾನದ ಮಧ್ಯಭಾಗದಿಂದ ಈ ಗಾಣಿಗರ ಮಕ್ಕಳು ಗಾಣವನ್ನು ಬಿಟ್ಟು ಮುಂಬಯಿಯತ್ತ ಹೊರಟರು. ಕಂಪನಿಯ ಸೈನ್ಯಕ್ಕೆ ಆಳುಗಳು ಬೇಕಾಗಿದ್ದ ಕಾಲವದು. ಸೇರಿದವರು ಸಾಮಾನ್ಯ ಸಿಪಾಯಿಗಳಾಗಿ ಉಳಿಯದೆ, ಸಂಖ್ಯೆಯಲ್ಲಿ ಅತ್ಯಲ್ಪರಾಗಿದ್ದರೂ, ಸುಬೇದಾರ ಜಮಾದಾರ ಮೊದಲಾದ ದೇಶೀಯ ಅಧಿಕಾರಪದವಿಗಳನ್ನು ಅಧಿಕವಾಗಿ ಪಡೆದರು. ಸಾಮ್ಯುಯೆಲ್ ಎಝೆಕಿಯೆಲನೂ ಅವನ ತಮ್ಮ ಐಸಾಕನೂ ಹಾಗೆ ಸೇರಿದವರು. ಸಾಮ್ಯುಯೆಲನು ದೇಶೀಯ ಕಮಾಂಡೆಂಟನ ಪದವಿಗೇರಿದನು.

ಇಲ್ಲಿಂದ ಕಥೆ ನಮ್ಮ ಮಲೆನಾಡಿಗೆ ಬರುತ್ತದೆ. ಎರಡನೆಯ ಮೈಸೂರು ಯುದ್ಧವು ನಡೆಯುತ್ತಿರಲಾಗಿ, 1782ರ ಡಿಸೆಂಬರಿನಲ್ಲಿ ಹೈದರಾಲಿ ಮೃತನಾದನು. ಆ ಸಂಧಿಯನ್ನು ನೋಡಿಕೊಂಡು ಮುಂಬಯಿಯ ಸರಕಾರವು ಜನರಲ್ ಮ್ಯಾಥ್ಯೂಸನ ನೇತೃತ್ವದಲ್ಲಿ ಸೈನ್ಯವೊಂದನ್ನು ಪಶ್ಚಿಮ ಕರಾವಳಿಗೆ ಕಳುಹಿಸಿತು. ಘಟ್ಟವನ್ನು ಹತ್ತಿ ಬಂದ ಆ ದಂಡು, 1783ರ ಜನವರಿ ತಿಂಗಳಲ್ಲಿ, ಹಿಂದೆ ಕೆಳದಿಯ ಅರಸರ ರಾಜಧಾನಿಯಾಗಿದ್ದು 1763ರಲ್ಲಿ ರಾಣಿ ವೀರಮ್ಮಾಜಿಯಿಂದ ಹೈದರನ ವಶಕ್ಕೆ ಹೋಗಿದ್ದ ಬಿದನೂರನ್ನು, ಎಂದರೆ ಇಂದಿನ ಶಿವಮೊಗ್ಗ ಜಿಲ್ಲೆಯ ನಗರವನ್ನು, ಹೆಚ್ಚಿನ ಹೋರಾಟವಿಲ್ಲದೆ ಹಿಡಿಯಿತು. ಆ ಗೆಲುವು ನಾಲ್ಕು ತಿಂಗಳೂ ಬಾಳಲಿಲ್ಲ. ಟೀಪೂ ಸುಲ್ತಾನನು ಪೂರ್ವದಿಕ್ಕಿನಿಂದ ಮಹಾಸೇನೆಯೊಡನೆ ಧಾವಿಸಿ ಬಂದು ಕೋಟೆಯನ್ನು ಮುತ್ತಲು, ಏಪ್ರಿಲ್ ಕಳೆಯುವ ವೇಳೆಗೆ ಒಳಗಿದ್ದವರು ಶರಣಾಗಬೇಕಾಯಿತು. ಕೋಟೆಯ ಭಂಡಾರದ ಹಣವನ್ನು ಅವರು ಬಚ್ಚಿಟ್ಟುಕೊಂಡಿದ್ದರೆಂಬ ಕಾರಣದಿಂದ ಶರಣಾಗತಿಯ ಷರತ್ತುಗಳು ಮುರಿದುಬಿದ್ದು, ಅಧಿಕಾರಿಗಳೂ ಸಿಪಾಯಿಗಳೂ ಸಂಕೋಲೆಗಳಲ್ಲಿ ಬಿಗಿಯಲ್ಪಟ್ಟು ಚಿತ್ರದುರ್ಗ ಶ್ರೀರಂಗಪಟ್ಟಣಗಳ ಸೆರೆಗಳಿಗೆ ಸಾಗಿದರು. ಮ್ಯಾಥ್ಯೂಸನು ಸೆರೆಯಲ್ಲಿಯೇ ಪ್ರಾಣಬಿಟ್ಟನು.

ದಿವೇಕರ್ ಸಹೋದರರು ಈ ಸೆರೆಯಾಳುಗಳಲ್ಲಿದ್ದರು. ಮುಂದಿನದು ಬೆನೆ ಇಸ್ರೇಲರ ಮನೆಮನೆಗಳಲ್ಲಿ ಉಳಿದು ಬಂದಿರುವ ಕಥೆ. ಹೇಳುವವರಿಂದ ಹೇಳುವವರಿಗೆ ಅದರ ವಿವರಗಳು ಸ್ವಲ್ಪಸ್ವಲ್ಪ ಬೇರೆಯಾಗುತ್ತವೆ. ವಧೆಗೆ ಗುರಿಯಾಗಬೇಕಾಗಿದ್ದ ಸೆರೆಯಾಳುಗಳನ್ನು ಒಬ್ಬೊಬ್ಬರನ್ನಾಗಿ ಕರೆದು ಕುಲವನ್ನು ಕೇಳಲಾಗಿ, ಸಾಮ್ಯುಯೆಲನು ತಾನು ಬೆನೆ ಇಸ್ರೇಲನೆಂದು ಉತ್ತರವಿತ್ತನು. ಆ ಹೆಸರು ಟೀಪುವಿನ ತಾಯಿಯ ಕಿವಿಗೆ ಬಿತ್ತು. ಪವಿತ್ರ ಖುರಾನಿನಲ್ಲಿ ಮತ್ತೆ ಮತ್ತೆ ಉಕ್ತವಾಗಿರುವ ‘ಬನೀ ಇಸ್ರಾಯೀಲ್’ ಎಂಬ ಜನ ಕಣ್ಣೆದುರಿಗೇ ನಿಂತಿದ್ದಾರೆಂದು ತಿಳಿದ ಆ ರಾಜಮಾತೆ, ಅವರ ಪ್ರಾಣವನ್ನು ತನಗಾಗಿ ಉಳಿಸಿಕೊಡಬೇಕೆಂದು ಮಗನನ್ನು ಬೇಡಿದಳು. ಸೆರೆಯಲ್ಲಿದ್ದಾಗಲೇ ಸಾಮ್ಯುಯೆಲನು, ಜೀವಂತನಾಗಿ ಮುಂಬಯಿಯನ್ನು ಸೇರಿದರೆ ದೇವರಿಗೊಂದು ಮಂದಿರವನ್ನು ಕಟ್ಟಿಸುವೆನೆಂದು ಹರಕೆ ಹೊತ್ತಿದ್ದನು.

ದರ್ಬಾರಿನ ಯಾವ ದಫ್ತರವೂ ಈ ಸಂಭಾಷಣೆಗೆ ಸಾಕ್ಷಿ ನುಡಿಯದಿದ್ದರೂ ಈ ಕಥೆಯನ್ನು ಹಗುರಾಗಿ ಬದಿಗೊತ್ತುವುದು ಸರಿಯಲ್ಲವೆಂದು ನನ್ನ ಎಣಿಕೆ. ಯುದ್ಧದಲ್ಲಿ ಎದುರುಪಕ್ಷದಲ್ಲಿ ನಿಂತು ಸೆರೆಸಿಕ್ಕ ಜನ, ತಮ್ಮನ್ನು ಸೆರೆಹಿಡಿದವನ ಮನೆಯ ಹೆಂಗಸಿಗೆ ತಮ್ಮ ಪ್ರಥಮ ದೇವಾಲಯದ ಪುಣ್ಯದಲ್ಲಿ ಪಾಲು ಕೊಟ್ಟು ಎರಡು ಶತಮಾನಗಳಿಂದ ನೆನೆಯುತ್ತ ಬಂದಿರುವುದು ಸಾಮಾನ್ಯವಾದ ಸಂಗತಿಯಲ್ಲ. ತಮ್ಮ ಧರ್ಮಕ್ಕೂ ಆಕೆಯ ಧರ್ಮಕ್ಕೂ ಪೂರ್ವಜನೊಬ್ಬನೇ, ಅಬ್ರಹಾಮನೇ, ಎಂಬುದನ್ನು ಬಲ್ಲ ಜನರ ಕೃತಜ್ಞತೆ ಇದು. ಮಂದಿರಕ್ಕೆ ಮುಂದೆ ಬಂದ ‘ಕರುಣೆಯ ದ್ವಾರ’ ಎಂಬ ಹೆಸರು ಲೋಕದ ಅನೇಕ ಸಭಾಮಂದಿರಗಳಿಗೆ ಇರುವುದೇ ಆದರೂ, ಈ ಒಂದರ ಮಟ್ಟಿಗೆ ಅದು ತನ್ನ ಅರ್ಥವನ್ನು ಶ್ರೀರಂಗಪಟ್ಟಣದಿಂದ ಪಡೆದುಕೊಂಡಿತೆಂದು ನಂಬುವುದು ನನಗೆ ಪ್ರಿಯ.

1784ರ ಮಾರ್ಚಿನಲ್ಲಿ ಮಂಗಳೂರಿನ ಕೌಲಿನಿಂದ ಯುದ್ಧವು ಮುಗಿಯಿತು. ಸೆರೆಯಿಂದ ಪಾರಾಗಿ ಮುಂಬಯಿಯನ್ನು ಸೇರಿದ ಸಾಮ್ಯುಯೆಲನು ಕೋಟೆಯ ಹೊರಗಣ ಮಾಂಡವಿಯಲ್ಲಿ, ತನ್ನ ಜನ ಗುಂಪುಗೂಡಿ ವಾಸವಾಗಿದ್ದ ಕೇರಿಯಲ್ಲಿ, 1796ರಲ್ಲಿ ಮಂದಿರವನ್ನು ಕಟ್ಟಿ ಮುಗಿಸಿ ಹರಕೆಯನ್ನು ತೀರಿಸಿದನು. ಕಟ್ಟಡವಾಯಿತು, ಅದರ ಗರ್ಭದಲ್ಲಿ ಇರಿಸಬೇಕಾದ ತೋರಾ, ಎಂದರೆ ಚರ್ಮದ ಮೇಲೆ ಲಿಪಿಕಾರನು ಕೈಯಿಂದ ಬರೆದ ಧರ್ಮಶಾಸ್ತ್ರದ ಸುರುಳಿ, ಇರಲಿಲ್ಲ. ಅದನ್ನು ತರಲೆಂದು ಅವನು ಕೊಚ್ಚಿಗೆ ಪ್ರಯಾಣಮಾಡಿ, 1797ರಲ್ಲಿ ಅಲ್ಲಿಯೇ ಕಾಲವಶನಾದನು. ತಾನು ಕಟ್ಟಿಸಿದ ಮಂದಿರವು ನಡೆದುಬಂದ ರೀತಿಯನ್ನು ನೋಡಲು ಅವನಿಗೆ ಹೆಚ್ಚು ಕಾಲ ಅವಕಾಶವಿರಲಿಲ್ಲ. ಬೀದಿಗೆ ಅವನ ಹೆಸರು ನಿಂತಿತು.

ಮಂದಿರದ ಆಡಳಿತವು ಯಾವ ಪರದೇಶದ ಮಾದರಿಯನ್ನೂ ಅನುಸರಿಸದೆ ಊರ ಗೌಡಿಕೆಯ ಕ್ರಮವನ್ನೇ ಅನುಸರಿಸಿತೆಂಬುದು ಗಮನಾರ್ಹ. ಮುಖ್ಯಸ್ಥನು ಮುಕಾದಮ, ಅವನ ಸಲಹೆಗಾರರು ಚೌಗುಲೆಗಳು, ಬೊಕ್ಕಸವನ್ನು ನೋಡುವವನು ಗಬ್ಬಾಯಿ, ಪ್ರಾರ್ಥನೆಯನ್ನು ನಡೆಸುವವನು ಹಜ್ಜಾನ್, ದೀಪ ಹಚ್ಚಿ, ಬಾಗಿಲು ತೆರೆದು, ಮನೆಮನೆಗೆ ಕರೆ ಹೇಳಿಬರುವವನು ಸಮಾಶ್. ಮುಕಾದಮ ಚೌಗುಲೆಗಳು ದಖನ್ನಿನ ಯಾವ ಹಳ್ಳಿಯಲ್ಲಾದರೂ ಇದ್ದವರೇ. ಗಬ್ಬಾಯಿ ಹಜ್ಜಾನ್ ಸಮಾಶರು ಮಾತ್ರ ಹೀಬ್ರೂವಿನಿಂದ ಬಂದವರು. ಮಂದಿರವನ್ನು ಜನ ಕರೆದದ್ದಂತೂ ‘ಮಶೀದ್’ ಎಂದು. ಹೊಸದೊಂದು ಬಂದ ಮೇಲೆ ಇದು ‘ಜುನೀ ಮಸ್ಜಿದ್’, ಹಳೆಯ ಮಸ್ಜಿದ್, ಆಯಿತು. ಪಕ್ಕದ ರೈಲು ನಿಲ್ದಾಣದ ಹೆಸರು ಈ ಯೆಹೂದ್ಯ ಮಂದಿರದಿಂದಲೇ ಬಂದುದೆಂದು ಅವರು ಹೇಳುತ್ತಾರೆ. ಹಿಂದೂ, ಮುಸಲ್ಮಾನ, ಜೈನ ವರ್ತಕರ ನಡುವೆ ಇರುವ ಮಂದಿರಕ್ಕೆ ಈ ಹೆಸರಿನಿಂದ ಯಾರಿಗೂ ಮುಜುಗರವಾದಂತೆ ಕಾಣುವುದಿಲ್ಲ.

ಒಳಗೆ ಪ್ರವೇಶಿಸಿದರೆ ಪಡುವಣ ಗೋಡೆಯಲ್ಲಿ, ಯೆರೂಸಲೇಮಿನ ದಿಕ್ಕಿಗೆ, ‘ಹೇಖಾಲ್’ ಎಂಬ ಪವಿತ್ರ ಕಪಾಟು, ಅದರಲ್ಲಿ ಸುರುಳಿಗಳು. ನಡುವೆ ಕಟಕಟೆಯುಳ್ಳ ಎತ್ತರದ ವೇದಿಕೆ. ಅಲ್ಲಿ ನಿಂತು ಹಜ್ಜಾನನು ಓದುತ್ತಾನೆ. ಸುನ್ನತಿಯ ವೇಳೆ ಮಗುವನ್ನು ಮಲಗಿಸಲು ಪ್ರವಾದಿ ಎಲೀಯನ ಪೀಠವೆಂಬ ಆಸನ. ಮೇಲ್ಗಡೆ ಸ್ತ್ರೀಯರಿಗೆ ಪ್ರತ್ಯೇಕವಾದ ಮೊಗಸಾಲೆ. ವಿಗ್ರಹವಿಲ್ಲ, ಚಿತ್ರವಿಲ್ಲ. ಹತ್ತು ಮಂದಿ ವಯಸ್ಕ ಪುರುಷರು ಕೂಡಿದ ಹೊರತು ಸಾಮೂಹಿಕ ಪ್ರಾರ್ಥನೆ ಪೂರ್ಣವಾಗುವುದಿಲ್ಲವೆಂಬ ‘ಮಿನ್ಯಾನ್’ ನಿಯಮವು, ಮನೆಯೊಳಗಿನ ವ್ರತವಾಗಿದ್ದುದನ್ನು ಸಮಾಜದ ಕರ್ತವ್ಯವನ್ನಾಗಿ ಮಾಡಿತು: ಗಾಣವನ್ನು ಕಟ್ಟದೆ ಒಬ್ಬನೇ ಮನೆಯಲ್ಲಿ ಕುಳಿತರೆ ಶನಿವಾರ ನಡೆಯುತ್ತದೆ, ಹತ್ತು ಜನ ಬರಬೇಕಾದರೆ ಸಂಸ್ಥೆ ಬೇಕು, ಲೆಕ್ಕ ಬೇಕು, ಜಗಳವನ್ನು ತೀರಿಸುವವರು ಬೇಕು.

ಕಟ್ಟಡದ ನಂತರ ವಿದ್ಯೆ ಬಂತು, ಅದು ಎರಡು ಅನಿರೀಕ್ಷಿತ ದಿಕ್ಕುಗಳಿಂದ. 1826ರ ಸುಮಾರಿಗೆ ಕೊಚ್ಚಿಯ ಯೆಹೂದ್ಯರು ಮುಂಬಯಿಗೆ ಬಂದು ಪ್ರಾರ್ಥನಾಕ್ರಮವನ್ನು ಕಲಿಸತೊಡಗಿದರು. ಅವರಲ್ಲಿ ಶೆಲೋಮೋ ಸಾಲೇಮ್ ಶುರ್ರಾಬಿಯ ಹೆಸರನ್ನು ಬೆನೆ ಇಸ್ರೇಲರು ಗುರುವೆಂದು ಇಂದಿಗೂ ಗೌರವಿಸುತ್ತಾರೆ. ಅದೇ ಕಾಲದಲ್ಲಿ ಕ್ರೈಸ್ತ ಮಿಷನರಿಗಳು, ಮುಖ್ಯವಾಗಿ ಸ್ಕಾಟ್ಲೆಂಡಿನ ಜಾನ್ ವಿಲ್ಸನ್, ಇವರ ಮಕ್ಕಳಿಗೆ ಶಾಲೆಗಳನ್ನು ತೆರೆದು, ಮರಾಠಿಯ ಮೂಲಕ ಹೀಬ್ರೂ ವ್ಯಾಕರಣವನ್ನು ಕಲಿಸಿದರು. ಮತಾಂತರದ ಆಶೆ ಅವರಲ್ಲಿ ಇದ್ದಿತೆಂಬುದು ನಿಜ. ಆದರೆ ಹೀಬ್ರೂವನ್ನೂ ಹಳೆಯ ಒಡಂಬಡಿಕೆಯನ್ನೂ ಕಲಿತ ಬೆನೆ ಇಸ್ರೇಲರು ಆ ವಿದ್ಯೆಯಿಂದ ತಮ್ಮ ಪೂರ್ವಿಕರ ಧರ್ಮದಲ್ಲಿಯೇ ಇನ್ನಷ್ಟು ದೃಢವಾಗಿ ನೆಲೆಗೊಂಡರು. ಮತಾಂತರ ಹೊಂದಿದವರು ತೀರ ಕೆಲವರು. 1846ರಲ್ಲಿ ಪಸ್ಕಹಬ್ಬದ ಪಠ್ಯವಾದ ‘ಹಗ್ಗಾದಾ’ ಮರಾಠಿಯ ಅನುವಾದದೊಡನೆ ಮುಂಬಯಿಯಲ್ಲಿ ಕಲ್ಲಚ್ಚಿನಲ್ಲಿ ಮುದ್ರಿತವಾಯಿತು. 1874ರಲ್ಲಿ ಪುಣೆಯಲ್ಲಿ ಅಚ್ಚಾದ ಇನ್ನೊಂದರ ಚಿತ್ರಗಳಲ್ಲಿ ಹುಳಿಯಿಲ್ಲದ ರೊಟ್ಟಿಯನ್ನು ಸಿದ್ಧಪಡಿಸುತ್ತಿರುವ ಹೆಂಗಸರು ಸೀರೆಯುಟ್ಟಿದ್ದಾರೆ. ಜೋಸೆಫ್ ಎಝೆಕಿಯೆಲ್ ರಾಜಪುರ್‌ಕರ್ ಎಂಬ ಪಂಡಿತನು ಪ್ರಾರ್ಥನಾಗ್ರಂಥಗಳನ್ನು ಒಂದಾದ ಮೇಲೊಂದರಂತೆ ಮರಾಠಿಗೆ ತಂದನು.

1880ರ ಸುಮಾರಿಗೆ ಹುಟ್ಟಿದ ಕೀರ್ತನಮಂಡಳಿಯ ಮಾತನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮ ಹರಿಕಥೆಯ ದಾಸರು ಧ್ರುವನನ್ನೋ ಪ್ರಹ್ಲಾದನನ್ನೋ ಹೇಗೆ ತಾಳಮೇಳಗಳೊಡನೆ ಸಭೆಯ ಮುಂದೆ ತಂದು ನಿಲ್ಲಿಸುವರೋ ಹಾಗೆಯೇ ಬೆನೆ ಇಸ್ರೇಲ್ ಕೀರ್ತನಕಾರರು ಅಬ್ರಹಾಮನನ್ನೂ ಯೋಸೇಫನನ್ನೂ ಮೋಶೆಯನ್ನೂ ಮರಾಠಿಯ ಆರ್ಯಾ, ಓವಿ, ಸಾಕಿಗಳಲ್ಲಿ ಹಾಡಿ, ನಡುನಡುವೆ ವ್ಯಾಖ್ಯಾನಿಸಿ, ಅಕ್ಷರ ಬಾರದ ಮುದುಕಿಯರಿಗೂ ಧರ್ಮಗ್ರಂಥವನ್ನು ಮುಟ್ಟಿಸಿದರು. ಗ್ರಂಥವನ್ನು ಕಳೆದುಕೊಂಡಿದ್ದ ಸಮಾಜಕ್ಕೆ ಅದು ಮರಳಿ ದೊರೆತಾಗ, ನೆಲದ ಕಲೆಯಲ್ಲಿಯೇ ಅದನ್ನು ಹಾಡಿಕೊಂಡಿತು. ಈ ಜನ ತಮ್ಮತನವನ್ನು ಉಳಿಸಿಕೊಂಡ ಬಗೆಯನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ನಿದರ್ಶನವನ್ನು ನಾನರಿಯೆ.

ಸ್ಮರಣಸಂಚಿಕೆಗಳು ಕಲಹಗಳನ್ನು ಮರೆಸುವುದುಂಟು; ಈ ಮಂದಿರದ ಚರಿತ್ರೆಗೆ ಅಂಥ ಮರೆಯ ಅವಶ್ಯಕತೆಯಿಲ್ಲ. ಸಭೆಯಲ್ಲಿ ಭಿನ್ನಮತ ತಲೆದೋರಿ, 1840ರ ಸುಮಾರಿಗೆ ಒಂದು ಪಕ್ಷದವರು ಬೇರೆಯಾಗಿ ‘ನವೀ ಮಸ್ಜಿದ್’ ಎಂಬ ಇನ್ನೊಂದು ಮಂದಿರವನ್ನು ಕಟ್ಟಿಕೊಂಡರು. ಕುಲಶುದ್ಧಿಯ ಹೆಸರಿನಲ್ಲಿ ‘ಗೋರಾ’, ‘ಕಾಳಾ’ ಎಂಬ ಒಳಭೇದವನ್ನು ಬೆನೆ ಇಸ್ರೇಲರು ತಾವೇ ಬಹುಕಾಲ ಇಟ್ಟುಕೊಂಡಿದ್ದರು. 1830ರ ದಶಕದ ಪ್ರಾರಂಭದಲ್ಲಿ ಬಾಗ್ದಾದಿನಿಂದ ಬಂದ ದಾವಿದ್ ಸಾಸೂನನೂ ಅವನ ಬಳಗದವರೂ ಮೊದಮೊದಲು ಈ ಮಂದಿರದಲ್ಲಿ ಪ್ರಾರ್ಥನೆಗೆ ಕುಳಿತವರಾದರೂ, ಬೆನೆ ಇಸ್ರೇಲರ ಯೆಹೂದ್ಯತ್ವವನ್ನೇ ಶಂಕಿಸತೊಡಗಿ, ಸ್ಮಶಾನದಲ್ಲಿ ತಮ್ಮ ಸಮಾಧಿಗಳಿಗೂ ಅವರ ಸಮಾಧಿಗಳಿಗೂ ನಡುವೆ ಗೋಡೆಯೊಂದು ಬೇಕೆಂದು 1836ರಲ್ಲಿ ಸರಕಾರಕ್ಕೆ ಅರ್ಜಿಯಿಟ್ಟರು. ಭೈಖಳಾದ ಮಾಗೆನ್ ದಾವಿದ್, ಕೋಟೆಯ ಭಾಗದಲ್ಲಿ 1884ರಲ್ಲಿ ನಿರ್ಮಿತವಾದ ಕೆನೆಸೆತ್ ಎಲಿಯಾಹೂ, ಪುಣೆಯ ಜನ ‘ಲಾಲ್ ದೇವಳ’ವೆನ್ನುವ ಓಹೆಲ್ ದಾವಿದ್ ಇವೆಲ್ಲ ಸಾಸೂನರ ಔದಾರ್ಯದ ಸ್ಮಾರಕಗಳು, ಅವರ ಗ್ರಂಥಾಲಯ, ಆಸ್ಪತ್ರೆ, ಹಡಗುಕಟ್ಟೆಗಳಿಂದ ಮುಂಬಯಿ ಪುಣೆಗಳಿಗೆ ಆದ ಉಪಕಾರ ಅಳತೆಗೆ ಮೀರಿದುದು. ಆದರೂ ಆ ಅರ್ಜಿ ಬೆನೆ ಇಸ್ರೇಲರ ಮನಸ್ಸಿನಲ್ಲಿ ಮಾಡಿದ ಗಾಯ ಆಳವಾಗಿತ್ತು. ಸಂಪತ್ತಿನಲ್ಲಿ ಸರಿಗಟ್ಟಲಾರದವರು 1860ರಲ್ಲಿ ತಮ್ಮ ಹಳೆಯ ಮಂದಿರವನ್ನು ಪುನರ್ನಿರ್ಮಿಸಿಕೊಂಡರು. ಶತಮಾನವು ತುಂಬಿದ 1896ರಲ್ಲಿ ಅದಕ್ಕೆ ‘ಶಾರ್ ಹಾರಹಮೀಮ್’ ಎಂಬ ಹೆಸರನ್ನಿಟ್ಟರು.

ಪರಕೀಯರ ಸಂದೇಹಕ್ಕೆ ಉತ್ತರವನ್ನು ಶಾಲೆಯ ಮೂಲಕ ಕೊಡಬೇಕೆಂದು ಕಂಡುಕೊಂಡವನು ಹಾಯಿಮ್ ಸಾಮ್ಯುಯೆಲ್ ಕೇಹೀಮ್‌ಕರ್. ಸರಕಾರಿ ನೌಕರನಾದ ಈತ ತನ್ನ ಸಹೋದರರೊಡಗೂಡಿ 1875ರಲ್ಲಿ ಬೆನೆ ಇಸ್ರೇಲ್ ಮಕ್ಕಳಿಗಾಗಿ ತೆರೆದ ಶಾಲೆಯು, ಲಂಡನ್ನಿನ ಆಂಗ್ಲೋ-ಯೆಹೂದ್ಯ ಸಂಘದ ನೆರವಿನಿಂದ ಬೆಳೆದು, ಮರಾಠಿ ಇಂಗ್ಲಿಷುಗಳ ಜೊತೆಗೆ ಹೀಬ್ರೂವನ್ನು ಕಲಿಸುವ ಪ್ರೌಢಶಾಲೆಯಾಗಿ, ಮುಂದೆ ದಾನಿಯ ಹೆಸರಿನಿಂದ ಸರ್ ಎಲ್ಲಿ ಕಡೂರಿ ಶಾಲೆಯೆನಿಸಿ ಮಜಗಾಂವಿನಲ್ಲಿ ನೆಲೆಯಾಯಿತು. ಇಂದು ಅಲ್ಲಿ ಓದುವವರು ಬಹುಪಾಲು ಅನ್ಯಮತೀಯರ ಮಕ್ಕಳು. ಕೇಹೀಮ್‌ಕರನು ತನ್ನ ಜನರ ಇತಿಹಾಸವನ್ನು 1897ರ ಹೊತ್ತಿಗೆ ಬರೆದು ಮುಗಿಸಿದನು. ಅವನು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, 1937ರಲ್ಲಿ, ಅದು ಟೆಲ್ ಅವೀವಿನಲ್ಲಿ ಮುದ್ರಣವನ್ನು ಕಂಡಿತು. ಹಳ್ಳಿಯ ಹಬ್ಬಗಳ ಹೆಸರುಗಳು, ದಿವೇಕರನ ಸೆರೆವಾಸ, ಮುಕಾದಮ ಚೌಗುಲೆಗಳ ಅಧಿಕಾರ ಮೊದಲಾದ ವಿಷಯಗಳಲ್ಲಿ ಬಹುಭಾಗಕ್ಕೆ ನಾವು ಅವನಿಗೇ ಋಣಿಗಳು.

ಇಂಥ ಮಂದಿರಗಳ, ಇಂಥ ಶಾಲೆಯ ನೆರಳಿನಲ್ಲಿ ಬೆಳೆದ ಪೀಳಿಗೆಯು ಇಪ್ಪತ್ತನೆಯ ಶತಮಾನದಲ್ಲಿ ನಗರದ ಮುಂದಾಳುಗಳ ಪಂಕ್ತಿಯಲ್ಲಿ ಬಂದು ಕುಳಿತಿತು. 1917ರಲ್ಲಿ ಮುಂಬಯಿಯಲ್ಲಿ ಬೆನೆ ಇಸ್ರೇಲ್ ಸಮ್ಮೇಳನವು ಕೂಡಿತು. ಅದರ ಬೆನ್ನಿಗೇ ಅಖಿಲ ಭಾರತ ಇಸ್ರಾಯಿಲೈಟ್ ಲೀಗ್ ಹುಟ್ಟಿ, ಸಮುದಾಯದ ಸುಧಾರಣೆ, ವಿದ್ಯೆ, ದೇಶದ ರಾಜಕೀಯದಲ್ಲಿ ತಮ್ಮ ನಿಲುವು ಇವುಗಳನ್ನು ಕುರಿತ ಚರ್ಚೆಗಳು ಬಹಿರಂಗವಾಗಿ ನಡೆದವು. ಡಾಕ್ಟರ್ ಎಲೈಜಾ ಮೋಸೆಸ್ 1937ರಲ್ಲಿ ಮುಂಬಯಿಯ ಮೇಯರ್ ಪದವಿಗೆ ಆಯ್ಕೆಯಾದನು. ಮಹಾಲಕ್ಷ್ಮಿಯ ಬಳಿಯ ರಸ್ತೆ ಅವನ ಹೆಸರನ್ನು ಹೊತ್ತಿದೆ. ಡಾಕ್ಟರ್ ಅಬ್ರಹಾಂ ಎರುಲ್‌ಕರ್ ಮಹಾತ್ಮಾ ಗಾಂಧಿಯವರ ಚಿಕಿತ್ಸೆಯಲ್ಲಿ ಪಾಲುಗೊಂಡವರು. ಭಾರತೀಯ ವೈದ್ಯಕೀಯ ಪರಿಷತ್ತಿನ ಅಧ್ಯಕ್ಷಪೀಠವನ್ನು ಅಲಂಕರಿಸಿದವರು. ನಿಸ್ಸೀಮ್ ಎಝೆಕಿಯೆಲ್ ಇಂಗ್ಲಿಷಿನಲ್ಲಿ ಬರೆದ ಭಾರತೀಯ ಕವಿಗಳಲ್ಲಿ ಅಗ್ರಗಣ್ಯರಾಗಿ 1983ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರರಾದರು. ಇಷ್ಟು ಸಣ್ಣ ಜನಸಂಖ್ಯೆಯಿಂದ, ಚುನಾವಣೆಯಲ್ಲಿ ತೂಕವಿರುವಷ್ಟು ಮತಗಳಿಲ್ಲದ ಸಮುದಾಯದಿಂದ, ಇಂಥವರು ಬಂದುದನ್ನು ಕಂಡು ಆಶ್ಚರ್ಯಪಡುವವರು, ನೂರು ವರ್ಷಗಳ ಕಾಲ ಆ ಸಮುದಾಯ ತನ್ನ ಲೆಕ್ಕವನ್ನೂ ತನ್ನ ಜಗಳವನ್ನೂ ತನ್ನ ಶಾಲೆಯನ್ನೂ ತಾನೇ ನಡೆಸಿಕೊಂಡು ಬಂದುದನ್ನು ನೆನಪಿಗೆ ತಂದುಕೊಳ್ಳಬೇಕು.

ಇವರಲ್ಲೆಲ್ಲ ಕನ್ನಡಿಗರಿಗೆ ವಿಶೇಷವಾಗಿ ಸಲ್ಲಬೇಕಾದವರು ಡಾಕ್ಟರ್ ಜೆರುಶಾ ಝಿರಾಡ್. ದಿವೇಕರನು ಸೆರೆಸಿಕ್ಕ ನಗರವು ಯಾವ ಸೀಮೆಗೆ ಸೇರಿದೆಯೋ ಅದೇ ಸೀಮೆಯ ಶಿವಮೊಗ್ಗೆಯಲ್ಲಿ, ಆ ಘಟನೆಯ ನೂರೇಳು ವರ್ಷಗಳ ತರುವಾಯ, 1890ರಲ್ಲಿ ಅವರು ಹುಟ್ಟಿದರು. ಬಾಲ್ಯದಲ್ಲಿ, ಕಠಿನವಾದ ಕಾಯಿಲೆಯಿಂದ ನರಳುತ್ತಿದ್ದ ಸೋದರಿಯನ್ನು ಮುಂಬಯಿಯ ಕಾಮಾ ಆಸ್ಪತ್ರೆಯ ವೈದ್ಯೆಯೊಬ್ಬರು ಉಳಿಸಿಕೊಟ್ಟುದನ್ನು ಕಂಡು, ತಾನೂ ವೈದ್ಯೆಯಾಗಿ ಆ ಆಸ್ಪತ್ರೆಯನ್ನೇ ನಡೆಸಬೇಕೆಂದು ಅವರು ನಿಶ್ಚಯಿಸಿದರು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಸರಕಾರದ ವಿದ್ಯಾರ್ಥಿವೇತನದಿಂದ ವಿಲಾಯತಿಗೆ ಹೋಗಿ, ಲಂಡನ್ ವಿಶ್ವವಿದ್ಯಾಲಯದಿಂದ ಪ್ರಸೂತಿಶಾಸ್ತ್ರದಲ್ಲಿ ಉಚ್ಚಪದವಿಯನ್ನು 1919ರಲ್ಲಿ ಪಡೆದು ಬಂದರು. ಕೆಲಕಾಲ ಬೆಂಗಳೂರಿನ ಹೆರಿಗೆ ಆಸ್ಪತ್ರೆಯಲ್ಲಿಯೂ ಕೆಲಸಮಾಡಿ, 1928ರಲ್ಲಿ ಕಾಮಾ ಆಸ್ಪತ್ರೆಯ ಅಧಿಕಾರವನ್ನು ವಹಿಸಿಕೊಂಡು 1947ರ ವರೆಗೆ ಅದನ್ನು ನಡೆಸಿದರು. ಹೆರಿಗೆಯಲ್ಲಿ ಸಾಯುವ ತಾಯಂದಿರ ಲೆಕ್ಕವನ್ನು ಸಾವುಸಾವಿಗೂ ಕಾರಣವನ್ನು ಹುಡುಕಿ ಬರೆದಿಡಬೇಕೆಂಬ ಶಿಸ್ತನ್ನು ಮುಂಬಯಿಯಲ್ಲಿ ನೆಲೆಗೊಳಿಸಿದವರಲ್ಲಿ ಅವರು ಮುಖ್ಯರು. 1966ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಅವರ ವೈದ್ಯವೃತ್ತಿಯಷ್ಟೇ ನನಗೆ ಆದರಣೀಯವಾದುದು, ಸ್ವಸಮಾಜದಲ್ಲಿ ಅವರು ಮಾಡಿದ ಕಾರ್ಯ. 1913ರಲ್ಲಿ ಬೆನೆ ಇಸ್ರೇಲ್ ಸ್ತ್ರೀಯರಿಗಾಗಿ ‘ಸ್ತ್ರೀ ಮಂಡಲ’ವನ್ನು ಕಟ್ಟಿದರು. 1925ರಲ್ಲಿ, ಪ್ರಾರ್ಥನೆಯು ಅರ್ಥವಾಗುವ ಭಾಷೆಯಲ್ಲಿಯೂ ನಡೆಯಬೇಕು, ಹೆಂಗಸರಿಗೆ ಧರ್ಮಕಾರ್ಯದಲ್ಲಿ ಸಮಾನವಾದ ಸ್ಥಾನ ಬೇಕು ಎಂಬ ಉದ್ದೇಶವುಳ್ಳ ಯೆಹೂದ್ಯ ಧಾರ್ಮಿಕ ಸಂಘವನ್ನು ಸ್ಥಾಪಿಸುವುದರಲ್ಲಿ ಮುಂದಾಳಾದರು. ಶನಿವಾರದ ವ್ರತವನ್ನು ಒಲೆಯ ಬಳಿ ಕಾಪಾಡಿದ ಹೆಂಗಸರ ಮೊಮ್ಮಗಳು ಮೇಲ್ಗಡೆಯ ಮೊಗಸಾಲೆಯಿಂದ ಇಳಿದುಬಂದು ಕೆಳಗಿನ ಸಭೆಯಲ್ಲಿ ಪಾಲು ಕೇಳಿದುದು ನ್ಯಾಯವೇ ಆಗಿತ್ತು.

ಕನ್ನಡನಾಡಿನಲ್ಲಿ ಯೆಹೂದ್ಯರ ವಸತಿ ಎಂದೂ ದೊಡ್ಡದಾಗಿರಲಿಲ್ಲ. ಬೆಂಗಳೂರಿನಲ್ಲಿ ನೆಲೆಸಿದ್ದ ಕೆಲವು ಮನೆಗಳವರಿಗಾಗಿ ಮೈಸೂರು ರಸ್ತೆಯಲ್ಲಿ 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರಕಾರವು ಕೊಟ್ಟ ಸ್ಮಶಾನಭೂಮಿ ಇಂದಿಗೂ ಇದೆ. ಹೀಬ್ರೂ ಅಕ್ಷರಗಳನ್ನು ಕೆತ್ತಿದ ಅಲ್ಲಿನ ಕಲ್ಲುಗಳು ನಮ್ಮ ರಾಜ್ಯದ ಈ ಸಂಬಂಧಕ್ಕೆ ಉಳಿದಿರುವ ಪ್ರತ್ಯಕ್ಷ ಸಾಕ್ಷಿಗಳಲ್ಲಿ ಒಂದು.

1948ರಲ್ಲಿ ಇಸ್ರೇಲ್ ರಾಷ್ಟ್ರವು ಉದಯಿಸಿದಾಗ ಬೆನೆ ಇಸ್ರೇಲರ ಸಂಖ್ಯೆ ಸುಮಾರು 20,000. ಮುಂದಿನ ಎರಡು ಮೂರು ದಶಕಗಳಲ್ಲಿ ಅವರಲ್ಲಿ ಬಹುಪಾಲು ಮಂದಿ ಹಡಗನ್ನೋ ವಿಮಾನವನ್ನೋ ಹತ್ತಿದರು. ಈ ದೇಶದಲ್ಲಿ ಅವರನ್ನು ಓಡಿಸಿದವರು ಯಾರೂ ಇರಲಿಲ್ಲ. ಲೋಕದಲ್ಲಿ ಯೆಹೂದ್ಯರ ವಲಸೆಯ ಚರಿತ್ರೆಯನ್ನು ಬಲ್ಲವರಿಗೆ ಈ ಮಾತಿನ ತೂಕ ತಿಳಿಯುತ್ತದೆ. ನಿತ್ಯವೂ ಪ್ರಾರ್ಥನೆಯಲ್ಲಿ ಹೆಸರಿಸುತ್ತಿದ್ದ ನಾಡು ಕರೆದದ್ದರಿಂದಲೂ, ಬಂಧುಗಳು ಒಬ್ಬರ ಹಿಂದೆ ಒಬ್ಬರು ಹೊರಟದ್ದರಿಂದಲೂ ಅವರು ಹೋದರು. ಹೋದವರಿಗೆ ಅಲ್ಲಿ ಕಾದಿದ್ದುದೆಲ್ಲ ಸುಖವಲ್ಲ. ಐವತ್ತರ ದಶಕದ ಪ್ರಾರಂಭದಲ್ಲಿಯೇ ಕೆಲವರು ತಮ್ಮನ್ನು ಕೀಳಾಗಿ ಕಾಣುತ್ತಾರೆಂದು ನೊಂದು, ಭಾರತಕ್ಕೆ ಮರಳಿಸಿರೆಂದು ಧರಣಿ ಕುಳಿತರು. 1962ರಲ್ಲಿ ಅಲ್ಲಿನ ಪ್ರಧಾನ ಧರ್ಮಾಧಿಕಾರಿಗಳು, ಬೆನೆ ಇಸ್ರೇಲರು ಇತರ ಯೆಹೂದ್ಯರನ್ನು ವಿವಾಹವಾಗಬೇಕಾದರೆ ಅವರ ವಂಶದ ವಿಚಾರಣೆ ನಡೆಯಬೇಕೆಂದು ವಿಧಿಸಿದಾಗ, 1836ರ ಆ ಸ್ಮಶಾನದ ಗೋಡೆಯೇ ಮತ್ತೆ ಎದ್ದಂತಾಯಿತು. ಈ ಸಲ ಬೆನೆ ಇಸ್ರೇಲರು ಮೌನವಾಗಿರಲಿಲ್ಲ. ಯೆರೂಸಲೇಮಿನಲ್ಲಿ ಹೆಂಡಿರು ಮಕ್ಕಳೊಡನೆ ಬೀದಿಗಿಳಿದು ಪ್ರತಿಭಟಿಸಿದರು. ಆ ಪ್ರತಿಭಟನೆಯ ಫಲವಾಗಿ 1964ರ ಆಗಸ್ಟಿನಲ್ಲಿ ಇಸ್ರೇಲಿನ ಸಂಸತ್ತು, ಬೆನೆ ಇಸ್ರೇಲರು ಎಲ್ಲ ವಿಧದಲ್ಲಿಯೂ ಯೆಹೂದ್ಯರೇ, ಹಕ್ಕಿನಲ್ಲಿ ಎಲ್ಲರಿಗೂ ಸಮಾನರೇ ಎಂದು ನಿರ್ಣಯವನ್ನು ಅಂಗೀಕರಿಸಿತು. ಅವರು ಅಲ್ಲಿ ಈಗಲೂ ಮಲೀದಾ ಮಾಡುತ್ತಾರೆ; ‘ಮಾಯಬೋಲಿ’ ಎಂಬ ಮರಾಠಿ ಪತ್ರಿಕೆಯನ್ನು ನಡೆಸಿಕೊಂಡು ಬಂದಿದ್ದಾರೆ.

ಭಾರತದಲ್ಲಿ ಉಳಿದಿರುವವರು ಕೆಲವೇ ಸಾವಿರ ಮಂದಿ. ಅವರಲ್ಲಿ ಹೆಚ್ಚಿನವರು ಮುಂಬಯಿ, ಠಾಣೆ, ರಾಯಗಡಗಳಲ್ಲಿದ್ದಾರೆ. ಮಾಂಡವಿಯಿಂದ ಯೆಹೂದ್ಯ ಮನೆಗಳು ಬಹುತೇಕ ಉಪನಗರಗಳಿಗೆ ಹೋಗಿರುವುದರಿಂದ, ಹಳೆಯ ಮಂದಿರದಲ್ಲಿ ಹತ್ತು ಜನರನ್ನು ಕೂಡಿಸುವುದೇ ಆಡಳಿತದವರಿಗೆ ದೊಡ್ಡ ಕೆಲಸವಾಗಿದೆ. ರೈಲು ಹತ್ತಿ ದೂರದಿಂದ ಬರುವವರಿದ್ದಾರೆ. 2016ರಲ್ಲಿ ಮಹಾರಾಷ್ಟ್ರ ಸರಕಾರವು ಯೆಹೂದ್ಯರಿಗೆ ಅಲ್ಪಸಂಖ್ಯಾತರೆಂಬ ಮಾನ್ಯತೆಯನ್ನಿತ್ತಿತು. ಅವರು ಅದನ್ನು ಕೇಳಿದುದು ಯಾವ ವಿಶೇಷ ಲಾಭಕ್ಕಾಗಿಯೂ ಅಲ್ಲವೆಂದು ನನ್ನ ತಿಳಿವು. ‘ಇತರರು’ ಎಂಬ ಅಂಕಣದಲ್ಲಿ ಕರಗಿಹೋಗದೆ, ಸರಕಾರದ ದಾಖಲೆಗಳಲ್ಲಿ ತಮ್ಮ ಮಕ್ಕಳು ಯೆಹೂದ್ಯರೆಂದೇ ಬರೆಯಲ್ಪಡಬೇಕೆಂಬ ಅಪೇಕ್ಷೆ ಅದರ ಹಿಂದೆ ಇದ್ದಿತು. ಕುಲವನ್ನು ಕೇಳಿದಾಗ ಸಾಮ್ಯುಯೆಲ್ ದಿವೇಕರನು ತನ್ನ ಹೆಸರನ್ನು ಮರೆಮಾಚಲಿಲ್ಲ. ಅವನ ವಂಶಜರಿಗೆ ಆ ಉತ್ತರವನ್ನು ಕೊಡುವ ಹಕ್ಕು ಸರಕಾರದ ಕಾಗದದಲ್ಲಿ ದೊರೆಯುವುದಕ್ಕೆ ಸ್ವಾತಂತ್ರ್ಯ ಬಂದು ಅರುವತ್ತೊಂಬತ್ತು ವರ್ಷಗಳು ಹಿಡಿದವು.